ಮಡಿಸಬಾರದ ಕಟ್ಟು

ಚಾಂಗ್‌ಶಿನ್, ಸೋಲ್
16 ಜುಲೈ, ಮಂಗಳವಾರ

ಚಿ. ಸೌ. ದಾಸೋಮ್‌ಗೆ ನಿನ್ನ ಅಮ್ಮನ ಆಶೀರ್ವಾದಗಳು.

ನಾನು ಕ್ಷೇಮ. ಮಂಡಿನೋವು, ಮೂಗಿನ ತುದಿಯ ಕೋಪ, ಎರಡೂ ಇದ್ದಲ್ಲೇ ಇವೆ. ಈ ಕಾಗದ ಎರಡು ವರ್ಷ ತಡವಾಯಿತು. ಪೆನ್ನು ಸಿಗಲಿಲ್ಲ ಎಂದರೆ ನೀನು ನಂಬುವುದಿಲ್ಲ, ಆದ್ದರಿಂದ ಹೇಳುವುದಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಎರಡನೇ ಮಾತಿಗೇ ಜಗಳಕ್ಕೆ ಇಳಿಯುತ್ತೇನೆ, ನಿನಗೇ ಗೊತ್ತು. ಇದನ್ನು ಓಕ್‌ಬುನ್ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳ ಕೈಯಲ್ಲೇ ಯಾಕೆ ಎಂದು ಹೇಳಬೇಕಾದರೆ ನಿನ್ನೆಯ ದಿನವನ್ನು ಪೂರ್ತಿ ಹೇಳಬೇಕು.

ನಿನ್ನೆ ಚೋಬೋಕ್, ಬೇಸಿಗೆಯ ಮೂರು ಸುಡುದಿನಗಳಲ್ಲಿ ಮೊದಲನೆಯದು. ಹೊಲಿಗೆ ಕೋಣೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಬೆನ್ನು ಬಗ್ಗಿಸಿಕೊಂಡ ನಾವು ಮೂವರು, ನಾನು, ಓಕ್‌ಬುನ್, ಪಿಲ್‌ನ್ಯೋ, ಆ ದಿನ ಕೋಳಿಸಾರು ಕುಡಿದು ಅರಮನೆಯ ನೆರಳಲ್ಲಿ ಅಡ್ಡಾಡುವುದು ನಿನಗೆ ಗೊತ್ತಲ್ಲ. ಈ ಸಲ ಮೊದಲಿನಿಂದಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತ್ತು.

ಮೊದಲನೆಯದಾಗಿ, ಇಬ್ಬರೂ ನನ್ನನ್ನು ಹೆಸರು ಹಿಡಿದು ಕರೆದರು. ನೀನು ಹುಟ್ಟಿದಾಗಿನಿಂದ ನಾನು ಅವರ ಬಾಯಲ್ಲಿ 'ದಾಸೋಮ್ ಅಮ್ಮ'. ನೀನು ಮನೆಬಿಟ್ಟು ಹೋದ ಮೇಲೂ ಆ ಹೆಸರು ತಪ್ಪಿರಲಿಲ್ಲ, ನಾನು ಎಷ್ಟು ಮುಖ ಸಿಂಡರಿಸಿದರೂ. ನಿನ್ನೆ ಮಾತ್ರ ಮೆಟ್ರೋ ಬಾಗಿಲಲ್ಲೇ "ಬಂದ್ಯಾ ಮಾಲ್‌ಸುನ್" ಅಂದರು. ನನ್ನ ಕಿವಿ ನೆಟ್ಟಗಾಯಿತು. ನಾಲಿಗೆ ಜಾರದಿರಲಿ ಎಂದು ಯಾರೋ ಮೊದಲೇ ಮಾತಾಡಿಕೊಂಡು ಬಂದ ಹಾಗಿತ್ತು.

ಎರಡನೆಯದು ಓಕ್‌ಬುನ್ ಹೆಗಲ ಮೇಲಿದ್ದ ಕಟ್ಟು. ಗಜಕ್ಕಿಂತ ಉದ್ದ, ತೆಳು, ಕಾಗದ ಸುತ್ತಿ ಮೇಲೆ ಬಟ್ಟೆ ಬಿಗಿದಿದ್ದಳು. ಏನೇ ಅದು ಎಂದೆ. ಗಂಡನ ಮೀನಿನ ಗಾಳದ ಕೋಲು, ರಿಪೇರಿಗೆ ಕೊಟ್ಟಿದ್ದೆ ಎಂದಳು. ಆ ಮನುಷ್ಯನಿಗೆ ಹಾನ್ ನದಿಯ ದೋಣಿ ಕಂಡರೇ ವಾಂತಿ. ಮನಸ್ಸಿನಲ್ಲಿ ಒಂದು ಗಂಟು ಹಾಕಿಕೊಂಡೆ.

ಪಿಲ್‌ನ್ಯೋ ಬಾಡಿಗೆಯ ಹಾನ್‌ಬೋಕ್ ಉಟ್ಟು ಬಂದಿದ್ದಳು, ಕೆಂಪು ಲಂಗ, ಹಸಿರು ರವಿಕೆ, ಮದುವಣಗಿತ್ತಿಯ ಹಾಗೆ. ನಮ್ಮಿಬ್ಬರಿಗೆ ಅರವತ್ತೈದು ದಾಟಿದೆ, ಅರಮನೆಗೆ ಬಿಟ್ಟಿ ಪ್ರವೇಶ. ಅವಳಿಗೆ ಇನ್ನೂ ಆರು ತಿಂಗಳು ಬಾಕಿ, ಆದರೆ ಈ ಹಳೇ ಕಾಲದ ಉಡುಗೆ ಉಟ್ಟವರಿಗೂ ಬಿಟ್ಟಿ. ಟಿಕೆಟ್ಟು ಉಳಿಸಲು ಟಿಕೆಟ್ಟಿನ ಐದರಷ್ಟು ಬಾಡಿಗೆ ತೆತ್ತಿದ್ದಾಳೆ ಎಂದು ಓಕ್‌ಬುನ್ ದಾರಿಯುದ್ದಕ್ಕೂ ಛೇಡಿಸಿದಳು. ನಾನೂ ನಕ್ಕೆ, ಆದರೆ ಕಣ್ಣು ಆ ಕಟ್ಟಿನ ಮೇಲೇ ಇತ್ತು.

ಊಟದಂಗಡಿಯ ಮುಂದೆ ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತೆವು. ಒಳಗೆ ಕಲ್ಲುಬೋಗುಣಿಯಲ್ಲಿ ಕೊತಕೊತ ಕುದಿಯುವ ಕೋಳಿ, ಹೊಟ್ಟೆಯೊಳಗೆ ಅಕ್ಕಿ, ಜಿನ್‌ಸೆಂಗ್ ಬೇರು. ಒಳ್ಳೆಯ ಸಾರು. ಮೂಲಂಗಿ ಕಿಮ್ಚಿ ಮಾತ್ರ ಸಕ್ಕರೆ ಸುರಿದಂತಿತ್ತು. ಓಕ್‌ಬುನ್ ಆ ಕಟ್ಟಿಗೆ ಒಂದು ಇಡೀ ಕುರ್ಚಿ ಕೊಟ್ಟಿದ್ದಳು. ಬಡಿಸುವ ಹೆಂಗಸು ಅದನ್ನು ಮೂಲೆಗೆ ಒರಗಿಸಲು ಹೋದಾಗ ಇಬ್ಬರೂ ಒಟ್ಟಿಗೆ ಕೈ ಅಡ್ಡ ಹಿಡಿದರು. ಆಮೇಲೆ ಫೋನು. ಓಕ್‌ಬುನ್ ಬೋಗುಣಿಯ ಫೋಟೋ ತೆಗೆದು ಯಾರಿಗೋ ಕಳಿಸಿದಳು, ಉತ್ತರ ಬಂತು, ಮುಗುಳ್ನಕ್ಕಳು, ಫೋನನ್ನು ಬೋರಲು ಹಾಕಿದಳು. ಮೇಜಿನ ಕೆಳಗೆ ಪಿಲ್‌ನ್ಯೋ ಅವಳನ್ನು ಒದೆಯಲು ಹೋಗಿ ನನ್ನನ್ನು ಒದ್ದಳು.

ಸಾರು ಬಡಿಸಿಕೊಳ್ಳುವಾಗ ಫೋನು ಮತ್ತೆ ಮಿಂಚಿತು. ನನ್ನ ಕಣ್ಣು ಇನ್ನೂ ಸೂಜಿಗೆ ದಾರ ಪೋಣಿಸುವ ಕಣ್ಣು. ಓದಿಬಿಟ್ಟೆ. ಗಾಂಗ್‌ನುಂಗ್‌ಗೆ ಸಂಜೆ ಆರರ ರೈಲು, ಎರಡು ಸೀಟು.

ಆಗ ಎಲ್ಲ ಅರ್ಥವಾಯಿತು ಅಂದುಕೊಂಡೆ. ನನ್ನನ್ನು ಬಿಟ್ಟು ಇಬ್ಬರೂ ಕಡಲಿಗೆ ಹೊರಟಿದ್ದಾರೆ, ಗಾಳದ ಕೋಲಿನ ಸಮೇತ. ನೀನೂ ಗಾಂಗ್‌ನುಂಗ್‌ನಲ್ಲೇ ಇದ್ದೀಯ ಎಂಬುದು ನನಗೆ ಹೊಳೆಯಲೇ ಇಲ್ಲ ನೋಡು. ಆ ಊರಿನ ಹೆಸರು ಕೇಳಿದರೆ ಬೇರೆಲ್ಲೋ ನೋಡುವುದನ್ನು ಎರಡು ವರ್ಷದಿಂದ ಅಷ್ಟು ಚೆನ್ನಾಗಿ ಅಭ್ಯಾಸ ಮಾಡಿದ್ದೇನೆ. ಕೋಳಿಯ ಕಾಲನ್ನು ಅರ್ಧಕ್ಕೇ ಬಿಟ್ಟೆ.

ಅರಮನೆಯಲ್ಲಿ ನಾನು ಒಬ್ಬಳೇ ಮುಂದೆ ಮುಂದೆ ನಡೆದೆ. ಸಿಂಹಾಸನದ ಅಂಗಳ ಕಾದ ಹೆಂಚಾಗಿತ್ತು. ರಾಣಿಯರ ಮನೆಯ ಹಿಂದಿನ ಮೆಟ್ಟಿಲುತೋಟಕ್ಕೆ ಬಂದಾಗ ಸ್ವಲ್ಪ ನೆರಳು ಸಿಕ್ಕಿತು. ಓಕ್‌ಬುನ್ ಶೌಚಕ್ಕೆ ಹೋಗಿ ಬರುತ್ತೇನೆಂದು ಕಟ್ಟನ್ನು ಪಿಲ್‌ನ್ಯೋಗೆ ಕೊಟ್ಟಳು. ಪಿಲ್‌ನ್ಯೋಳ ಲಂಗವನ್ನು ಯಾರೋ ತುಳಿದರು, ಅವಳು ಅದನ್ನು ಎತ್ತಿಕೊಳ್ಳಲು ಕಟ್ಟನ್ನು ನನಗೆ ಕೊಟ್ಟಳು.

ಹಗುರಾಗಿತ್ತು. ಕೋಲು ಇಷ್ಟು ಹಗುರವೇ? ಒತ್ತಿ ನೋಡಿದೆ. ಆಮೇಲೆ ಏನಾಯಿತೋ, ಇವರ ಕಳ್ಳಾಟ ಇವತ್ತೇ ಬಯಲಾಗಲಿ ಎಂಬ ಹಟಕ್ಕೆ ಮಂಡಿಯ ಮೇಲಿಟ್ಟು ಬಗ್ಗಿಸಿದೆ. ಚಟಚಟ ಎಂದಿತು. ಬಟ್ಟೆಯೊಳಗಿಂದ ಕಡಲಿನ ವಾಸನೆ ಎದ್ದಿತು.

ಓಕ್‌ಬುನ್ ಆಗಲೇ ಬಂದು ನಿಂತಿದ್ದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಯಾರೇ ನಿಂಗೆ ಮಡಿಸು ಅಂದಿದ್ದು?" ಎಂದಳು.

ಅಷ್ಟೇ. ಆ ಒಂದು ಮಾತಿಗೆ ಕಟ್ಟನ್ನು ಮಂಡಿಯಿಂದ ಎತ್ತಿ ಎದೆಗವಚಿಕೊಂಡೆ. ಮಡಿಸಬಾರದ್ದು ಈ ದೇಶದಲ್ಲಿ ಒಂದೇ ಒಂದು. ನೀವು ಈಗಿನವರು ನಗುತ್ತೀರಿ, ನಗಿ. ಆದರೆ ಬಸುರಿಗೆಂದು ಹೇಳಿದರೆ ಯಾವ ಅಂಗಡಿಯವನೂ ಒಣಗಿದ ಕಡಲಸೊಪ್ಪನ್ನು ಮಡಿಸುವುದಿಲ್ಲ, ಮುರಿಯುವುದಿಲ್ಲ. ಮುರಿದರೆ ಹೆರಿಗೆ ಕಷ್ಟವಾಗುತ್ತದೆಂದು ಇದ್ದಷ್ಟು ಉದ್ದಕ್ಕೇ ಕಟ್ಟಿಕೊಡುತ್ತಾನೆ. ಹೆತ್ತ ಮೇಲೆ ಮೊದಲ ತುತ್ತು ಅದರದೇ ಸಾರು.

ಯಾರಿಗೆ ಎಂದು ಕೇಳಿದೆ. ಓಕ್‌ಬುನ್ ಬಾಯಿಬಿಟ್ಟಳು.

"ಇನ್ಯಾರಿಗೇ? ನೀನು ಅಜ್ಜಿ ಆಗ್ತಿದೀಯ ಕಣೇ. ಇನ್ನು ಹತ್ತು ದಿನ."

ರಾಣಿಯ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕಾವಲಿನವನು ಬಂದು ಇಲ್ಲಿ ಕೂರಬಾರದು ಎಂದ. ಪಿಲ್‌ನ್ಯೋ ತನ್ನ ಕೆಂಪು ಲಂಗ ಹರಡಿ ನನಗೆ ಅಡ್ಡ ನಿಂತು, ನನ್ನ ಪರವಾಗಿ ಅವನ ಹತ್ತಿರ ಜಗಳಕ್ಕೆ ಬಿದ್ದಳು.

ಎರಡನೇ ಸೀಟು ನನ್ನ ಹೆಸರಿನಲ್ಲಿತ್ತಂತೆ. ಊಟದಲ್ಲಿ ಹೇಳೋಣ ಎಂದುಕೊಂಡರಂತೆ, ನನ್ನ ಮುಖ ನೋಡಿ ಹೆದರಿ ಅರಮನೆಗೆ ಮುಂದೂಡಿದರಂತೆ. ನಂಬಲೋ ಬೇಡವೋ. ಕಟ್ಟು ನನ್ನ ಕೈಗೆ ಬಂದದ್ದೂ ಅವರ ಹೂಟವೇ ಇರಬೇಕು ಎಂದು ನನಗೆ ಈಗಲೂ ಅನುಮಾನ. ದಾಸೋಮ್ ಹೇಳಬೇಡ ಅಂದಿದ್ದಳಾ ಎಂದು ಕೇಳಿದೆ. "ಹೇಳ್ಬೇಡ ಅಂದಿಲ್ಲ, ಹೇಳು ಅಂತಾನೂ ಅಂದಿಲ್ಲ" ಎಂದಳು ಓಕ್‌ಬುನ್. ಈ ಮಾತನ್ನು ನಿನ್ನೆಯಿಂದ ಎಷ್ಟು ಸಲ ಮಗುಚಿ ನೋಡಿದ್ದೇನೋ.

ನಿನ್ನೆಯ ರೈಲು ಹತ್ತಲಿಲ್ಲ. ಮುರಿದದ್ದನ್ನು ನಿನ್ನ ಬಾಗಿಲಿಗೆ ತರುವುದಿಲ್ಲವೆಂದು ಓಕ್‌ಬುನ್ ಹಟ ಹಿಡಿದಳು. ಅವಳು ನಾಳೆ ಬರುತ್ತಾಳೆ. ನಾನು ನೀನು ಕರೆಯದೆ ಬರುವುದಿಲ್ಲ. ಇದು ಬಿಗುಮಾನ ಅಲ್ಲ, ಹೆದರಿಕೆ. ನಿನ್ನ ಗಂಡನೂ ನಿಮ್ಮಪ್ಪನೂ ಒಂದೇ ಮೂಲದ ಕಿಮ್ ಮನೆತನದವರು, ಒಡಹುಟ್ಟಿದವನನ್ನೇ ಮದುವೆ ಆದ ಹಾಗೆ ಎಂದು ವಂಶಾವಳಿಯ ಪುಸ್ತಕವನ್ನು ನಿನ್ನ ಮುಂದೆ ಎಸೆದವಳು ನಾನು. ಕಾನೂನೇ ಕೈಬಿಟ್ಟ ನಿಷೇಧವನ್ನು ನಾನು ಹಿಡಿದುಕೊಂಡೆ. ತಪ್ಪಾಯಿತು.

ಬೆಚ್ಚಗಿರು, ಬೇಸಿಗೆಯಾದರೂ ಕಾಲಿಗೆ ಗಾಳಿ ತಾಗಿಸಬೇಡ. ಹೆರಿಗೆ ಸಲೀಸಾಗಲಿ. ಗಂಡೋ ಹೆಣ್ಣೋ, ನಿನ್ನಷ್ಟೇ ಜೋರಾಗಿ ಅಳಲಿ. ನಿನ್ನ ಗಂಡನಿಗೂ ನನ್ನ ಆಶೀರ್ವಾದ ತಿಳಿಸು.

ಇತಿ,
ನಿನ್ನ ಅಮ್ಮ
ಮಾಲ್‌ಸುನ್

ವಿ. ಸೂ.: ಓಕ್‌ಬುನ್ ನಾಳೆ ತರುವ ಕಟ್ಟು ಅವಳು ಕೊಂಡದ್ದಲ್ಲ. ನಿನ್ನ ಮದುವೆಯ ದಿನ ಅಮ್ಮ ಎಲ್ಲಿ ಎಂದು ಎಲ್ಲರೂ ಕೇಳಿದರಂತೆ. ನಾನು ಒಣಮೀನಿನ ಮಾರುಕಟ್ಟೆಯಲ್ಲಿದ್ದೆ. ಇದ್ದದ್ದರಲ್ಲೇ ಉದ್ದನೆಯ ಸೊಪ್ಪು ಆರಿಸಿದೆ. ಮಗಳಿಗೆ ಯಾವಾಗ ದಿನ ಎಂದು ಅಂಗಡಿಯವನು ಕೇಳಿದ. ಇವತ್ತು ಮದುವೆ ಎಂದೆ, ನಕ್ಕುಬಿಟ್ಟ. ಎರಡು ವರ್ಷದಿಂದ ನಿನ್ನ ಕೋಣೆಯ ಬೀರುವಿನ ಮೇಲೆ ಮಲಗಿದೆ, ಒಂದು ಎಳೆಯೂ ಮುರಿದಿಲ್ಲ. ಹೊಸ ವರ್ಷದ ವಾರ ನೀನು ಫೋನ್ ಮಾಡಿದಾಗ ಅದರ ಧೂಳು ಒರೆಸುತ್ತಿದ್ದೆ. ನಿನ್ನ ಹೆಸರು ಕಾಣಿಸಿತು. ಹನ್ನೊಂದು ಸಲ ಹೊಡೆದುಕೊಂಡಿತು, ಎಣಿಸಿದೆ. ಎತ್ತಲಿಲ್ಲ. ಇನ್ನೊಂದು ಸಲ ಮಾಡು ಮಗಳೇ.