ಅದು ಉಷ್ಣವಲ್ಲ

ಇವಳೇ,

ಇದನ್ನು ಅಮ್ಮನ ಮುಂದೆ ಓದಬೇಡ. ಹೋದ ತಿಂಗಳು ನಾನು ಊರಿಗೆ ಬಂದಿದ್ದಾಗ ನೀನು ಉರಿಮೂತ್ರ ಎಂದೆ. “ಉಷ್ಣ ಕಣೇ, ನೀರು ಕುಡಿ” ಎಂದೆ ನಾನು. ಗೊತ್ತಿದ್ದೇ ಸುಳ್ಳು ಹೇಳಿದೆ. ಈ ಸೇತುವೆ ಕೆಲಸಕ್ಕೆ ಬಂದ ಮೇಲೆ, ಬೇರೊಬ್ಬಳ ಹತ್ತಿರ ಹೋದ ತಪ್ಪಿಗೆ ನನಗೆ ಅಂಟಿ, ನನ್ನಿಂದ ನಿನಗೂ ಬಂದ ರೋಗ ಅದು. ಅಂಗಡಿಯ ಮಾತ್ರೆ ನುಂಗಿ, ಉರಿ ಇಳಿದ ಕೂಡಲೇ ಬಿಟ್ಟಿದ್ದೆ.

ಉರಿ ಮತ್ತೆ ಬಂದಿದ್ದಕ್ಕೆ ಪರೀಕ್ಷೆ ಮಾಡಿಸಿದ್ದೆ; ಇವತ್ತು ಲ್ಯಾಬಿನ ವರದಿ ಬಂತು. “ಆ ಮಾತ್ರೆಗಳಿಗೆಲ್ಲ ಇದು ಬಗ್ಗಲ್ಲಪ್ಪ. ಹೆಂಡತಿಗೆ ಹೇಳಿದೀಯಾ?” ಎಂದರು ಡಾಕ್ಟರಮ್ಮ. ಇಂಜೆಕ್ಷನ್ ಕೊಟ್ಟಿದ್ದಾರೆ; ಗುಣವಾಯಿತೋ ಇಲ್ಲವೋ ಮುಂದಿನ ವಾರ ತಿಳಿಯುತ್ತದಂತೆ.

ನಿನಗೀಗ ಏಳು ತಿಂಗಳು. ನಾಳೆಯೇ ಆಸ್ಪತ್ರೆಗೆ ಹೋಗಿ ಜೊತೆಗಿಟ್ಟಿರುವ ವರದಿ ತೋರಿಸು. ಬೈಯುವುದನ್ನು ಆಮೇಲೆ ಬೈಯಿ. ಯಾರಿಂದ ಬಂತೆಂದು ಅಲ್ಲಿ ಕೇಳಿದರೆ ನೀನು ತಲೆ ತಗ್ಗಿಸಬೇಡ. ನನ್ನ ಹೆಸರು ಹೇಳು.

ನಿನ್ನ ಗಂಡ