‘ಗೆಟ್’ ಕಲಿತ ಮೇಲೆ

ಇಂಗಮ್, ಕ್ವೀನ್ಸ್‌ಲ್ಯಾಂಡ್, ಆಸ್ಟ್ರೇಲಿಯಾ
೧೯ ಮೇ ೧೯೫೫

ನನ್ನ ಮುದ್ದು ನುನ್ಸಿಯಾ,

ಇದನ್ನು ಅಮ್ಮನ ಮುಂದೆ ಗಟ್ಟಿಯಾಗಿ ಓದಬೇಡ. ಕೋಳಿಗೂಡಿನ ಹತ್ತಿರ ಹೋಗಿ ಒಬ್ಬಳೇ ಓದು. ವಿಮಾನದ ಅಂಚೆಗೆ ಹತ್ತು ದಿನ ಬೇಕಂತೆ. ಜೂನ್ ಐದರ ಭಾನುವಾರ ನಮ್ಮ ದೊನಾತೊ ಅಣ್ಣ ಚರ್ಚಿನಲ್ಲಿ, ಇಲ್ಲಿರುವ ನಿನ್ನ ವರ ಸಾವೇರಿಯೊನ ಬದಲಿಗೆ ನಿನ್ನ ಪಕ್ಕ ನಿಂತು ‘ಒಪ್ಪಿದ್ದೇನೆ’ ಎನ್ನುವ ಮೊದಲು ಇದು ನಿನ್ನ ಕೈ ಸೇರಬೇಕು. ನನಗೂ ಹೀಗೇ ಮದುವೆಯಾಯಿತಲ್ಲ, ಗಂಡ ಸಮುದ್ರದಾಚೆ, ಪಕ್ಕದಲ್ಲಿ ಅವನ ಬದಲಿಗೆ ಚಿಕ್ಕಪ್ಪ.

ಇಂಗ್ಲಿಷ್ ಹೇಳಿಕೊಡು ಎಂದು ನೀನು ಬರೆದಿದ್ದೆ. ಇಲ್ಲಿ ‘ಗೆಟ್’ ಎಂಬ ಒಂದು ಪದವಿದೆ. ಬೇಲಿಯಾಚೆಯ ಹಾಬ್ಲಿ ಅಮ್ಮ ಬ್ರೆಡ್ ತರುವುದಕ್ಕೂ ಅದನ್ನೇ ಅನ್ನುತ್ತಾಳೆ. ಹಾಸಿಗೆಯಿಂದ ಏಳುವುದಕ್ಕೂ, ಮಳೆಯಲ್ಲಿ ನೆನೆಯುವುದಕ್ಕೂ, ಮುದುಕಿಯಾಗುವುದಕ್ಕೂ, ಮದುವೆಯಾಗುವುದಕ್ಕೂ ಅದೇ. ನಮ್ಮ ಇಟಾಲಿಯನ್‌ನಲ್ಲಿ ಇವಕ್ಕೆಲ್ಲ ಬೇರೆ ಬೇರೆ ಮಾತುಗಳಿವೆ. ಹೆದರಿ ಒಂದು ವರ್ಷ ನಾನು ಬಾಯಿಯೇ ಬಿಡಲಿಲ್ಲ. ಕೊನೆಗೆ, ಯಾವಾಗ ಯಾವ ಗೆಟ್ ಅಂತ ಹೆಂಗೆ ತಿಳಿಯೋದು ಎಂದು ಕೇಳಿದೆ. “ಮುಖ ನೋಡು ಕಣೇ, ಗೊತ್ತಾಗುತ್ತೆ” ಎಂದು ನಕ್ಕಳು.

ಮೊನ್ನೆ ಕಬ್ಬಿನ ಗದ್ದೆಯ ಮೇಸ್ತ್ರಿ ನನ್ನ ಗಂಡ ವಿತೋನನ್ನು ಕೇಳಿದ, “ಏನಯ್ಯಾ, ನಿನ್ನ ಗೆಳೆಯನಿಗೂ ಊರಿಂದ ಒಬ್ಬಳನ್ನ ಗೆಟ್ ಮಾಡಿಕೊಟ್ಯಂತೆ?” ಹೋದ ವಾರ ಟ್ರ್ಯಾಕ್ಟರ್ ಬಂದಾಗಲೂ ಇದೇ ಪದ ಅವನ ಬಾಯಲ್ಲಿತ್ತು. ವಿತೋ ನಕ್ಕ. ಸಾವೇರಿಯೊ ತಲೆ ತಗ್ಗಿಸಿ ಅಂಗಿಯ ಗುಂಡಿ ತಿರುವುತ್ತಿದ್ದ. ನೀನು ಎಲ್ಲರಿಗೂ ತೋರಿಸುತ್ತಿರುವ ಅವನ ಫೋಟೊ ಯುದ್ಧಕ್ಕೆ ಮೊದಲಿನದು, ನುನ್ಸಿಯಾ. ಅವನಿಗೀಗ ನಲವತ್ತೇಳು. ಕೆಟ್ಟವನಲ್ಲ. ಆದರೆ ನಿನಗೆ ಇಪ್ಪತ್ತು.

ನಿಜ ಬರೆದು ತಿಳಿಸೋಣ ಎಂದಿದ್ದಕ್ಕೆ ವಿತೋ ರೇಗಿದ. “ಬಾಯ್ಮುಚ್ಕೊಂಡಿರು. ನಾನೂ ಹಳೇ ಫೋಟೊನೇ ಕಳ್ಸಿದ್ದೆ. ನೀನೇನು ಓಡ್ಹೋದ್ಯಾ?” ಹಡಗಿನಿಂದ ಇಳಿದವಳು ಎಲ್ಲಿಗೆ ಓಡಬೇಕಿತ್ತು ಎಂದು ನಾನು ಕೇಳಲಿಲ್ಲ.

ಮದುವೆ ಮುಂದಕ್ಕೆ ಹಾಕಿಸು, ಸಹಿ ಹಾಕುವ ಮೊದಲು ಅವನ ಈಗಿನ ಫೋಟೊ ಕೇಳು. “ಅಕ್ಕ ಸುಖವಾಗಿಲ್ವೇನೆ, ನಿನಗೇನು ಧಾಡಿ?” ಎಂದು ಅಮ್ಮ ಬೈಯುತ್ತಾಳೆ. ಸುಖವಾಗಿದ್ದೇನೆ ಎಂದು ಮೂರು ವರ್ಷ ಬರೆದದ್ದರಲ್ಲಿ ಅರ್ಧ ಮಾತ್ರ ನಿಜ ಎಂದು ಅವಳಿಗೆ ಹೇಳು.

ನಿನ್ನ ಅಕ್ಕ,
ಒರ್ಸೊಲಿನಾ

ತಾ.ಕ.: ಸಾವೇರಿಯೊನ ಪತ್ರಗಳನ್ನು ದಿಂಬಿನಡಿ ಇಟ್ಟುಕೊಂಡು ಮಲಗುತ್ತೇನೆ ಎಂದು ನೀನು ಬರೆದಿದ್ದೆ. ಅವನಿಗೆ ಬರೆಯಲು ಬರುವುದಿಲ್ಲ. ಒಂಬತ್ತು ಪತ್ರಗಳನ್ನೂ ನಾನೇ ಎಡಗೈಯಲ್ಲಿ ಬರೆದೆ, ನಿನಗೆ ನನ್ನ ಅಕ್ಷರದ ಗುರುತು ಸಿಗಬಾರದೆಂದು. ನೀನು ಇಲ್ಲಿ ನನ್ನ ಹತ್ತಿರ ಇರಬೇಕೆಂಬ ಆಸೆ ನನಗೆ. ಆ ಆಸೆ ಇನ್ನೂ ಹೋಗಿಲ್ಲ, ಅದಕ್ಕೇ ಮನಸ್ಸು ಬದಲಾಗುವ ಮೊದಲು ಇದನ್ನು ಈಗಲೇ ಅಂಚೆಗೆ ಹಾಕಲು ಓಡುತ್ತಿದ್ದೇನೆ.