ಬಲಗಡೆಯ ಸ್ವರಗಳು

ಭಾನುವಾರ, ಮಧ್ಯಾಹ್ನ

ಮಾತಾಡದ ಮಹಾರಾಯರಿಗೆ, ಸಿಟ್ಟಿನ್ನೂ ಆರದ ಹೆಂಡತಿಯ ನಮಸ್ಕಾರ.

ವಕೀಲರು ಕಳಿಸಿದ ವಿಚ್ಛೇದನದ ಕಾಗದ ತಲುಪಿದೆ. ನಿಮ್ಮ ಸಹಿ ಬಿದ್ದಿದೆ, ನನ್ನದು ಬಾಕಿ. ಹಾಕುವ ಮೊದಲು ಒಂದು ಮಾತು ಕೇಳಬೇಕು: ಕೀಬೋರ್ಡನ್ನು ಯಾಕೆ ಮಾರಿದಿರಿ?

‘ನಿನಗೆ ಹೇಗೆ ಗೊತ್ತಾಯಿತು’ ಎಂದು ಹುಬ್ಬೇರಿಸಬೇಡಿ. ನಾನು ಬಸ್ಸಿಳಿದು ಶಾಲೆಗೆ ನಡೆಯುವ ದಾರಿಯಲ್ಲಿ ಹಳೆಯ ವಾದ್ಯಗಳ ಅಂಗಡಿಯೊಂದಿದೆ. ಅದರ ಗಾಜಿನ ಹಿಂದೆ ಕೂತಿತ್ತು ನಮ್ಮ ಯಂತ್ರ, ನನ್ನ ಕೈಯಿಂದ ಬೀಗದ ಗೊಂಚಲು ಬಿದ್ದು ಮುಕ್ಕಾದ ಆ ಕರಿ ಕೀ ಸಮೇತ. ಅದರ ಮೇಲೆ ದೂಳು ಕೂತರೆ ನಿಮ್ಮ ತಲೆಯ ಮೇಲೇ ಕೂತಂತೆ ಆಡುತ್ತಿದ್ದವರು ನೀವು. ನಾನು ಮನೆ ಬಿಟ್ಟಾಗ ಬಾಗಿಲವರೆಗೂ ಬಾರದವರು ಅದನ್ನು ಅಂಗಡಿವರೆಗೂ ಹೊತ್ತಿದ್ದೀರಿ ಎಂದರೆ ಏನೋ ಮಸಲತ್ತಿರಲೇಬೇಕು.

ತಮ್ಮನನ್ನು ಕಳಿಸಿ ಕೊಂಡುಕೊಂಡೆ. ಶಾಲೆಯ ಮಕ್ಕಳಿಗೆ ಹಾಡು ಹೇಳಿಕೊಡಲು ಬೇಕಿತ್ತು, ಅಷ್ಟೇ. ಅಂಗಡಿಯವನ ಮೇಲೂ ನನಗೆ ನಂಬಿಕೆ ಇರಲಿಲ್ಲ. ಹೊರಗೆ ಹೊಳಪು, ಒಳಗೆ ಹುಳುಕು ಅನ್ನುವ ವ್ಯಾಪಾರ ಇರಬಹುದೆಂದು ತಮ್ಮನಿಂದ ಮುಚ್ಚಳ ಬಿಚ್ಚಿಸಿದೆ. ಒಳಗೆಲ್ಲ ಸರಿಯಿತ್ತು. ಮಾರಿದವರು ಹೇಗಿದ್ದರೆಂದು ವಿಚಾರಿಸಲು ಹೇಳಿದ್ದೆ. “ಏನು ಕೇಳಿದ್ರೂ ನಗ್ತಾ ತಲೆ ಆಡಿಸಿದ್ರು. ಏನೋ ಅವಸರದಲ್ಲಿದ್ರು ಅನ್ಸುತ್ತೆ” ಅಂದನಂತೆ ಅಂಗಡಿಯವನು. ಯಾರ ಜೊತೆ, ಎಲ್ಲಿಗೆ ಅವಸರ ಎಂದು ನನಗೆ ಅಂದು ಊಟ ಸೇರಲಿಲ್ಲ.

ಸ್ವಿಚ್ಚು ಹಾಕಿದ ಮೇಲೆ ಅನುಮಾನ ಇನ್ನಷ್ಟು ಬಲಿಯಿತು. ಅದರೊಳಗಿನ ಗಂಟೆ, ಕೊಳಲು, ಪಿಟೀಲಿನ ದನಿಗಳೆಲ್ಲ ನಾನು ಕೂರಿಸಿದ್ದವು. ನುಡಿಸುವುದಷ್ಟೇ ನನ್ನ ಕೆಲಸ, ಗುಂಡಿ ಕಂಡರೆ ಗಂಡಾಂತರ ಎನ್ನುತ್ತಿದ್ದ ಗಂಡ ನೀವು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಆ ದಪ್ಪ ಕೈಪಿಡಿ ಓದಿದವಳು ನಾನು. ನಿಧಾನದ ಹಾಡುಗಳಿಗೆಂದು ಮಾಡಿದ ಆ ಗಂಟೆಯ ದನಿ ನೆನಪಿದೆಯೇ? ಓಣಿಯ ಆ ತುದಿಯಲ್ಲಿ ಯಾರೋ ಸೈಕಲ್ ಬೆಲ್ಲನ್ನು ಸುಮ್ಮನೆ ಸವರಿಬಿಟ್ಟಂತೆ ಇತ್ತು. ಈಗ ಕಲ್ಲುನೆಲಕ್ಕೆ ತಟ್ಟೆ ಬೀಸಿ ಒಗೆದ ಹಾಗಿದೆ. ಕೊಳಲು ಹೋಗಿ ಪೊಲೀಸರ ಸೀಟಿ. ನನ್ನ ಒಂದೊಂದು ಸ್ವರವನ್ನೂ ಯಾರೋ ಮಸೆದು ಚೂಪು ಮಾಡಿದ್ದರು.

ಯಾರು? ನಮ್ಮ ಆರ್ಕೆಸ್ಟ್ರಾದಲ್ಲಿ ನನ್ನ ಜಾಗಕ್ಕೆ ಬಂದು ನಿಂತ ಹೊಸ ಹಾಡುಗಾರ್ತಿಯೇ ಇರಬೇಕೆಂದುಕೊಂಡೆ. ಪೋಸ್ಟರಿನಲ್ಲಿ ಆಕೆಗೆ ಮುಖಕ್ಕಿಂತ ಹಲ್ಲೇ ಹೆಚ್ಚು. ಅಲ್ಲಿನ ಡ್ರಮ್ಮಿನವನಿಗೆ ಫೋನು ಮಾಡಿ ಬಾಯಿ ಬಿಡಿಸಲು ನೋಡಿದೆ. ಮೊದಲು ನೆಟ್‌ವರ್ಕ್ ಇಲ್ಲವೆಂದ, ಆಮೇಲೆ ಕೆಲಸವಿದೆ ಎಂದ. ಬಿಡದೆ ಕಾಡಿದ ಮೇಲೆ ಹೇಳಿದ: “ಬೇರೆ ಯಾರೂ ಮುಟ್ಟಿಲ್ಲ ಅತ್ತಿಗೆ. ಅಣ್ಣನೇ ಕೂತು ತಿರುವ್ತಿದ್ದ. ಮಂಕಾಗಿದೆ, ಮಂಕಾಗಿದೆ ಅಂತ. ನಮಗೋ ಕಿವಿ ಚುಚ್ಚೋದು. ಈಗ ಸ್ಟೇಜಿಗೂ ಬರ್ತಿಲ್ಲ.”

ನಾನು ಅದನ್ನೂ ನಂಬಲಿಲ್ಲ. ಗೆಳೆಯನ ತಪ್ಪಿಗೆ ತೇಪೆ ಹಾಕುತ್ತಿದ್ದಾನೆ ಎಂದುಕೊಂಡು, ಎಲ್ಲವನ್ನೂ ಮೊದಲಿನಂತೆ ಮಾಡಲು ಕೂತೆ. ಈ ಯಂತ್ರದಲ್ಲಿ ಒಂದು ಸದ್ದಿನ ಅಲೆ ಇನ್ನೊಂದನ್ನು ಅಲ್ಲಾಡಿಸಿದರೆ ತಾನೆ ಸ್ವರಕ್ಕೆ ಹೊಳಪು? ಹೆಚ್ಚು ಅಲ್ಲಾಡಿಸಿದಷ್ಟೂ ಸ್ವರ ಚೂಪು. ಎಷ್ಟು ಅಲ್ಲಾಡಿಸಬೇಕೆಂಬುದನ್ನು ಎಡಗಡೆಯ ತಗ್ಗು ಸ್ವರದ ಕೀಗಳಿಗೆ ಬೇರೆ, ಬಲಗಡೆಯ ಏರು ಸ್ವರದವಕ್ಕೆ ಬೇರೆ ಮಾಡಿ ಕೂರಿಸಬಹುದು. ಎಡಗಡೆಯ ಅಂಕಿಗಳೆಲ್ಲ ನಾನು ಬಿಟ್ಟಂತೆಯೇ ಇದ್ದವು. ಬಲಗಡೆಯವು ಮಾತ್ರ ಏರಿದ್ದವು. ಕೊಳಲಿನಲ್ಲೂ ಹಾಗೇ, ಪಿಟೀಲಿನಲ್ಲೂ ಹಾಗೇ. ಹೊಟ್ಟೆಕಿಚ್ಚಿನಿಂದ ಕೆಡಿಸುವವರು ಮಂದ್ರವನ್ನು ಬಿಟ್ಟು ತಾರಸ್ಥಾಯಿಯನ್ನೇ ಹುಡುಕಿ ಕೆಡಿಸುವುದಿಲ್ಲ. ಮೇಲಿನ ಸ್ವರ ಕಿವಿಗೆ ಬೀಳದವರು ಮಾತ್ರ ಹೀಗೆ ಏರಿಸುತ್ತಾ ಹೋಗುತ್ತಾರೆ.

ಪಕ್ಕದ ಮನೆಯ ಡ್ರೈವರು ತನ್ನ ಗೊಗ್ಗರು ದನಿಯಲ್ಲಿ ಒಮ್ಮೆ “ಏನ್ರೀ” ಅಂದರೆ ಸಾಕು, ಕೂತಲ್ಲಿಂದಲೇ ಉತ್ತರ ಕೊಡುತ್ತಿದ್ದಿರಿ. ನಾನು ಅಡುಗೆಮನೆಯಿಂದ ಗಂಟಲು ಹರಿದುಕೊಂಡರೂ ನಿಮ್ಮ ಬೆನ್ನೇ ನನಗೆ ಉತ್ತರ. ಕುಕ್ಕರು ಕೂಗಿ ಕೂಗಿ ತಳ ಹಿಡಿದ ದಿನ ನೀವು ಮಾರು ದೂರದಲ್ಲಿ ಪೇಪರ್ ಓದುತ್ತಾ ಕೂತಿದ್ದಿರಿ. ಇದು ಕೊಬ್ಬಲ್ಲದೆ ಇನ್ನೇನು ಎಂದುಕೊಂಡೇ ನಾನು ಬಟ್ಟೆ ತುಂಬಿಕೊಂಡದ್ದು. ನನ್ನ ದನಿಯೂ ಬಲಗಡೆಯದೇ ಅಲ್ಲವೇ, ಸೂಜಿಯಂಥದ್ದು.

ಈಗ ಉಳಿದಿರುವುದು ಒಂದೇ ಅನುಮಾನ. ಕಿವಿ ಹೋಗುತ್ತಿರುವುದು ನಿಮಗೆ ಗೊತ್ತಿತ್ತೇ? ಗೊತ್ತಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗೋಣ. ಗೊತ್ತಿದ್ದೂ ಬಾಯಿ ಬಿಡದೆ ಸಹಿ ಹಾಕಿದ್ದರೆ, ಎದುರಿಗೆ ಕೂರಿಸಿಕೊಂಡು ಆಡಬೇಕಾದ ಜಗಳ ಬೇಕಾದಷ್ಟಿದೆ. ದನಿಯನ್ನು ಆ ಡ್ರೈವರಷ್ಟು ದಪ್ಪಗೆ ಇಳಿಸಿಯೇ ಆಡುತ್ತೇನೆ, ಅಭ್ಯಾಸ ಮಾಡುತ್ತಿದ್ದೇನೆ. ತಮ್ಮ ನನಗೆ ನೆಗಡಿಯೆಂದು ತಿಳಿದು ಮಾತ್ರೆ ತಂದುಕೊಟ್ಟಿದ್ದಾನೆ.

ಇಂತಿ,
ವಕೀಲರ ಬಾಯಲ್ಲಿ ಎರಡನೇ ಪಕ್ಷ,
ನಿಮ್ಮ ಬಾಯಲ್ಲಿ ಬರೀ ‘ಏ’ ಆಗಿದ್ದವಳು

ತಾ.ಕ.: ನಿಮ್ಮ ಅಂಕಿಗಳನ್ನು ಅಳಿಸಿಲ್ಲ. ಗಂಟೆಯ ದನಿಯನ್ನು ಎಡಗಡೆಗೆ ಇಳಿಸಿ ಹೊಸದಾಗಿ ಮಾಡಿದ್ದೇನೆ, ನಿಮಗೆ ಕೇಳಿಸಬೇಕು. ಲೆಕ್ಕ ಹಾಕಲು ಕೈಗೆ ಸಿಕ್ಕಿದ್ದು ವಕೀಲರ ಕಾಗದವೇ. ಹಿಂದೆ ಮುಂದೆ ಗೀಚಿ ಸಹಿಗೆ ಜಾಗವೇ ಉಳಿದಿಲ್ಲ. ಇನ್ನೊಂದು ಪ್ರತಿ ತರಿಸಬೇಡಿ. ಬುಧವಾರ ಸಂಜೆ ತಮ್ಮನ ವ್ಯಾನಿನಲ್ಲಿ ಕೀಬೋರ್ಡು ತರುತ್ತಿದ್ದೇನೆ. ನಮ್ಮ ಮನೆಯ ಕರೆಗಂಟೆಯದು ಕೀರಲು ದನಿ. ಬಾಗಿಲ ಚಿಲಕ ತೆಗೆದಿಡಿ.